ಮುನಿತಾಯಮ್ಮನವರ ಲಾರಿಗಳು

ಆಯುಧಪೂಜೆಯ ದಿನ ವಸಂತಪುರದ ನಮ್ಮ ಬೀದಿಯಲ್ಲಿ ಎಲ್ಲರ ಸ್ಕೂಟರು, ಕಾರುಗಳು ನಿಂಬೆಹಣ್ಣಿನ ಮೇಲೆ ಹರಿದರೆ, ಮನೆ ಓನರ್ ಮುನಿತಾಯಮ್ಮನವರ ವಾಹನಗಳು ದ್ರಾಕ್ಷಿಯ ಮೇಲೆ ಹರಿಯುತ್ತಿದ್ದವು. ನಿಂಬೆಹಣ್ಣು ಇಟ್ಟರೆ ಲಾರಿಯೇ ಮಗುಚಿ ಬೀಳುತ್ತಿತ್ತು. ಒಂದೂವರೆ ಗೇಣು ಉದ್ದದ, ಲೋಹದಲ್ಲಿ ಎರಕ ಹೊಯ್ದು ಮಾಡಿದ, ಕನ್ನಡಿಯಿಂದ ಹಿಡಿದು ಹೊಗೆ ಕೊಳವೆಯವರೆಗೆ ಎಲ್ಲವೂ ನಿಜದ ಹಾಗೇ ಇರುವ ಮಾದರಿ ಟ್ರೇಲರ್ ಲಾರಿಗಳು ಅವು. ಒಟ್ಟು ನಲವತ್ತಮೂರು. ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟು, ಮುಂದಿನ ಚಕ್ರದಡಿ ದ್ರಾಕ್ಷಿ ಇಟ್ಟು, ಹಿಂದಿನಿಂದ ಮೆಲ್ಲಗೆ ತಳ್ಳುತ್ತಿದ್ದರು. ದ್ರಾಕ್ಷಿ ಪಚಕ್ಕೆಂದರೆ, "ಹ್ಞೂ, ನೀನು ಓಗು" ಎಂದು ಆ ಲಾರಿಯನ್ನು ಪಕ್ಕಕ್ಕೆ ಬಿಡುತ್ತಿದ್ದರು. ಎಲ್ಲ ಮುಗಿಯುವಾಗ ಮಧ್ಯಾಹ್ನದ ಊಟದ ಹೊತ್ತು.

ಅವರ ಮಹಡಿ ಮನೆಯಲ್ಲಿ ನಾವು ಹನ್ನೊಂದು ವರ್ಷ ಬಾಡಿಗೆಗಿದ್ದೆವು. ಹಣೆಯ ಮೇಲೆ ಕಾಸಗಲ ಕುಂಕುಮ, ಬಾಯಲ್ಲಿ ಎಲೆಅಡಿಕೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ವಸಂತಪುರ ಹಳ್ಳಿಯಾಗಿದ್ದಾಗ ಅಲ್ಲೇ ಹೂಕೋಸು, ಬೀನ್ಸು ಬೆಳೆಯುತ್ತಿದ್ದ ಮನೆತನ. ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೇಲೆ ಎತ್ತಿನ ಗಾಡಿಗೆ ತರಕಾರಿ ಹೇರಿಕೊಂಡು ತಾವೇ ಹೊಡೆದುಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದರಂತೆ. ಹೆಂಗಸು ಗಾಡಿ ಹೊಡೆಯುವುದನ್ನು ನೋಡಲು ಬನಶಂಕರಿ ದೇವಸ್ಥಾನದ ಹತ್ತಿರ ಜನ ನಿಂತುಬಿಡುತ್ತಿದ್ದರು ಎಂದು ಅವರೇ ನಗುತ್ತಾ ಹೇಳುತ್ತಿದ್ದರು. "ನೋಡ್ಲಿ ಬುಡು. ನೋಡಿದ್ರೆ ನನ್ ಎತ್ತೇನು ಸವೀತದಾ?"

ಲಾರಿಯ ಹುಚ್ಚು ಹತ್ತಿಸಿದವಳು ಅವರ ಮೊದಲ ಬಾಡಿಗೆದಾರಳು, ಕೇರಳದ ಒಬ್ಬ ನರ್ಸು. ಆಕೆಗೆ ಕನ್ನಡ ಬಾರದು, ಇವರಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಗಲ್ಫಿನಲ್ಲಿರುವ ನಿನ್ನ ಅಣ್ಣ ಏನು ಕೆಲಸ ಮಾಡುತ್ತಾನೆ ಎಂದು ಇವರು ಎಷ್ಟು ಸಲ ಕೇಳಿದರೂ ಆಕೆಗೆ ಹೇಳಲಾಗಲಿಲ್ಲ. ಕೊನೆಗೆ ಅಣ್ಣ ರಜೆಗೆ ಬಂದಾಗ ಒಂದು ಕೆಂಪು ಟ್ರೇಲರ್ ಲಾರಿ ತರಿಸಿ ಇವರ ಕೈಯಲ್ಲಿಟ್ಟು, "ಅಣ್ಣ, ಇದು" ಎಂದಳಂತೆ. ಮುನಿತಾಯಮ್ಮ ಅದನ್ನು ತಿರುಗಿಸಿ ನೋಡುವಾಗ ಮುಂದಿನ ಎಂಜಿನ್ ಭಾಗ ಕಳಚಿ ಕೈಗೆ ಬಂತು. ಮುರಿದೇಬಿಟ್ಟೆನಲ್ಲ ಎಂದು ಗಾಬರಿಯಾದರು. ನರ್ಸು ನಕ್ಕು ಮತ್ತೆ ಸಿಕ್ಕಿಸಿ ತೋರಿಸಿದಳು.

"ಆಗ ಗೊತ್ತಾಯ್ತು ನೋಡಪ್ಪ," ಎಂದು ನನಗೆ ಹೇಳಿದ್ದರು. "ನಮ್ ಲಾರಿಗೋಳ್ದು ತಲೆ ಮೈ ಎಲ್ಲಾ ಒಂದೇ. ಇದು ಅಂಗಲ್ಲ. ಎತ್ತು ಬ್ಯಾರೆ, ಗಾಡಿ ಬ್ಯಾರೆ. ಎಷ್ಟು ಬುದ್ವಂತ್ರು ಇದ ಮಾಡ್ದೋರು!"

ಅಲ್ಲಿಂದಾಚೆಗೆ ವಿದೇಶಕ್ಕೆ ಹೋಗುವ ಬಾಡಿಗೆದಾರರಿಗೆಲ್ಲ ಅವರದು ಒಂದೇ ಬೇಡಿಕೆ. ಸೆಂಟು ಬೇಡ, ಚಾಕಲೇಟು ಬೇಡ, ಒಂದು ಲಾರಿ. ಕಂಪನಿಗಳ ಹೆಸರು ಅವರಿಗೆ ಬೇಕಿರಲಿಲ್ಲ. ಎಂಜಿನ್ ಮುಂದಕ್ಕೆ ಚಾಚಿಕೊಂಡ ಅಮೆರಿಕದ ಲಾರಿಗಳು "ಮೂಗಿರೋವು", ಮುಖ ಚಪ್ಪಟೆಯಾದ ಯುರೋಪಿನವು "ಮೂಗಿಲ್ದೋವು". ನಡುಮನೆಯ ಶೋಕೇಸಿನಲ್ಲಿ ಮೂಗಿರುವವು ಮೇಲಿನ ಸಾಲಿನಲ್ಲಿ, ಇಲ್ಲದವು ಕೆಳಗೆ. ಲಾರಿ ಒಳ್ಳೆಯದೋ ಅಲ್ಲವೋ ಎಂದು ಪರೀಕ್ಷಿಸಲು ಅವರದೇ ಒಂದು ದಾರಿಯಿತ್ತು. ಎತ್ತು ಬಿಚ್ಚಿದ ಗಾಡಿ ಮುಗ್ಗರಿಸದಂತೆ ನೊಗ ಕಟ್ಟುವ ಮೂಕಿಮರದ ಕೆಳಗೆ ಊರುಗೋಲು ಕೊಡುತ್ತಾರಲ್ಲ, ಟ್ರೇಲರಿಗೂ ಹಾಗೆಯೇ ಮುಂಭಾಗದಲ್ಲಿ ಎರಡು ಕಾಲುಗಳಿರುತ್ತವೆ. ಒಳ್ಳೆಯ ಮಾದರಿಯಲ್ಲಿ ಅವು ಕೆಳಗಿಳಿಯುತ್ತವೆ. ಅಗ್ಗದ ಆಟಿಕೆಯಲ್ಲಿ ಸುಮ್ಮನೆ ಅಂಟಿಕೊಂಡಿರುತ್ತವೆ. ಯಾವ ಲಾರಿ ಬಂದರೂ ಮುನಿತಾಯಮ್ಮ ಮೊದಲು ಬೋರಲು ಹಾಕಿ ಉಗುರಿನಿಂದ ಆ ಕಾಲು ಎಳೆದು ನೋಡುತ್ತಿದ್ದರು.

ಇದು ನನಗೆ ಗೊತ್ತಿದ್ದೂ ಒಂದು ತಪ್ಪು ಮಾಡಿದೆ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದೆ. ಯಂತ್ರವೊಂದರ ತರಬೇತಿಗೆಂದು ಮೂರು ವಾರ ಜರ್ಮನಿಗೆ ಕಳಿಸಿದರು. ಹೊರಡುವಾಗ ಮುನಿತಾಯಮ್ಮ ಗೇಟಿನವರೆಗೆ ಬಂದು, "ಮೂಗಿಲ್ದೋವು ಅಲ್ಲೇ ಉಟ್ಟೋದಂತೆ. ಮರೀಬ್ಯಾಡ ಕಣಪ್ಪ" ಎಂದಿದ್ದರು. ನಾನು ಮರೆತೆ. ನೆನಪಾದದ್ದು ಬೆಂಗಳೂರಿನಲ್ಲಿ ವಿಮಾನ ಇಳಿದ ಮೇಲೆ. ಮಾರನೆಯ ದಿನವೇ ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ, ನಾಲ್ಕು ಅಂಗಡಿ ಸುತ್ತಿ, ಒಂದು ನೀಲಿ ಟ್ರೇಲರ್ ಲಾರಿ ಕೊಂಡು, ಡಬ್ಬ ಬಿಸಾಡಿ, "ಸೂಟ್‌ಕೇಸಿನಲ್ಲಿ ಜಾಗ ಇರಲಿಲ್ಲ, ಡಬ್ಬ ಅಲ್ಲೇ ಬಿಟ್ಟೆ ಅಮ್ಮ" ಎನ್ನುತ್ತಾ ಕೊಟ್ಟೆ.

ಅವರು ಬೋರಲು ಹಾಕಿದರು. ಉಗುರಿನಿಂದ ಎಳೆದರು. ಕಾಲು ಇಳಿಯಲಿಲ್ಲ. ಇನ್ನೊಂದು ಸಲ ಎಳೆಯಲಿಲ್ಲ. ನನ್ನ ಮುಖವನ್ನೂ ನೋಡದೆ, "ಚೆಂದಾಗೈತೆ. ಅಷ್ಟು ದೂರದಿಂದ ವೊತ್ಕೊಂಡು ಬಂದಿದ್ದೀಯ" ಎಂದು ಹೇಳಿ ಶೋಕೇಸಿನ ನಡುವೆ ಇಟ್ಟರು.

ಪ್ರತಿ ಶುಕ್ರವಾರ ಹಳೆಯ ರೇಷ್ಮೆ ಸೀರೆಯ ತುಂಡಿನಿಂದ ಅವರು ಲಾರಿಗಳನ್ನು ಒರೆಸುವಾಗ ನಾನು ಮೆಟ್ಟಿಲಿಳಿದು ಕೆಲಸಕ್ಕೆ ಹೊರಡುತ್ತಿದ್ದೆ. ನೀಲಿ ಲಾರಿ ಅವರ ಕೈಯಲ್ಲಿ ಕಂಡರೆ ನನ್ನ ಹೆಜ್ಜೆ ಜೋರಾಗುತ್ತಿತ್ತು. ಹೀಗೆ ಒಂದು ವರ್ಷ ಕಳೆಯಿತು. ಕೊನೆಗೆ ಒಂದು ಭಾನುವಾರ ಅವರ ಎದುರು ಕೂತು ನಿಜ ಹೇಳಿಬಿಟ್ಟೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಗೊತ್ತು ಕಣಪ್ಪ. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಒಳಗಿಟ್ರಿ ಅಮ್ಮ?"

"ಮರ್ತೋಯ್ತು ಅಂದಿದ್ರೆ ಒಂದ್ ಮಾತು ಬೈದು ಸುಮ್ಕಾಗ್ತಿದ್ದೆ. ನೀನು ಪಾಪ, ನನಗೆ ಬೇಜಾರಾಗ್ತದೆ ಅಂತ ಬಿಸಿಲಲ್ಲಿ ಅಂಗಡಿ ಅಂಗಡಿ ಅಲ್ದಿದ್ದೀಯ. ಅದ್ನ ಎಲ್ಲಿ ಬಿಸಾಕ್ಲಿ?" ಎಂದರು. ಮತ್ತೆ ಎಲೆ ಮಡಿಚಿ ಬಾಯಿಗಿಡುವ ಮುಂಚೆ, "ಆದ್ರೂ ಸುಳ್ಳು ಏಳ್ಬಾರ್ದಿತ್ತು" ಎಂದೂ ಸೇರಿಸಿದರು.

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಒಂದೇ ಸಲ. ಇಂಥ ಮಾದರಿಗಳನ್ನು ಸಂಗ್ರಹಿಸುವ ಜೆ.ಪಿ. ನಗರದ ಒಬ್ಬರು ಯಾರಿಂದಲೋ ಸುದ್ದಿ ತಿಳಿದು ನೋಡಲು ಬಂದರು. ಒಳ್ಳೆಯವರೇ. ಬಿಳಿ ಬಟ್ಟೆಯ ಕೈಗವಸು ಹಾಕಿಕೊಂಡು ಒಂದೊಂದನ್ನೇ ಎತ್ತಿ ನೋಡಿ, "ಕುಂಕುಮ ಹಚ್ಚಿ ಪೇಂಟ್ ಹಾಳ್ಮಾಡಿದ್ದೀರಲ್ಲ ಆಂಟಿ. ಇವನ್ನ ಬಾಕ್ಸಿಂದ ಆಚೆ ತೆಗೀಲೇಬಾರ್ದು. ನನ್ ಹತ್ರ ಇರೋವು ಒಂದೂ ಬಾಕ್ಸ್ ಬಿಟ್ಟು ಬಂದಿಲ್ಲ" ಎಂದರು. ಮುನಿತಾಯಮ್ಮನ ಮುಖ ಕೆಂಪಾಯಿತು. "ಪೆಟ್ಟಿಗೇಲಿ ಮುಚ್ಚಿ ಮಡಗೋಕೆ ಅದೇನು ಎಣ ಏನಪ್ಪ? ಚಕ್ರ ಇರಾದು ಉಳ್ಳೋಕೆ." ಬೈದರೂ ಬಂದವರಿಗೆ ಕಾಫಿ ಕೊಟ್ಟು, ಹಿತ್ತಿಲ ನುಗ್ಗೆಕಾಯಿ ಕಟ್ಟಿ ಕಳಿಸಿದರು.

ನಾವು ಇಟ್ಟಮಡುವಿನಲ್ಲಿ ಫ್ಲ್ಯಾಟ್ ಕೊಂಡು ಹೊರಟ ಮೇಲೆ ಹೋಗಿಬರುವುದು ಕಡಿಮೆಯಾಯಿತು. ಇಟ್ಟಮಡುವಿಗೂ ವಸಂತಪುರಕ್ಕೂ ಎಷ್ಟು ದೂರ? ಆದರೂ ಕಡಿಮೆಯಾಯಿತು. ಹೋದ ಸಂಕ್ರಾಂತಿ ಕಳೆದ ವಾರಕ್ಕೆ ಅವರ ಮಗ ಮಂಜಣ್ಣ ಫೋನ್ ಮಾಡಿ, "ಅಮ್ಮ ಓಗ್ಬುಟ್ರು ಸಾರ್" ಎಂದ. ಮಲಗಿದಲ್ಲೇ ಹೋಗಿದ್ದರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಕ್ಕೆ ಮೂರು ತಿಂಗಳ ಹಿಂದೆ, ನನ್ನ ಮಗಳ ಮದುವೆಯ ಕಾಗದ ಕೊಡಲು ಹೋದದ್ದೇ ಕೊನೆಯ ಭೇಟಿ. ಅವತ್ತು ಅವರು ಮನೆಯಲ್ಲಿರಲಿಲ್ಲ. ಬೀದಿಯ ಕೊನೆಯಲ್ಲಿ ಗದ್ದಲ ಕೇಳಿ ಅತ್ತ ಹೋದೆ. ಹಿಂದಿನ ಬೀದಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿಗೆ ಕಂಬಿ ತಂದಿದ್ದ ನಿಜವಾದ ಟ್ರೇಲರ್ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಬಾಲ ಕರೆಂಟ್ ಕಂಬಕ್ಕೆ ತಾಗುವಂತಿತ್ತು, ಮೂತಿ ಕಾಂಪೌಂಡಿಗೆ. ಸುತ್ತ ಇಪ್ಪತ್ತು ಜನ ನಿಂತು ರೈಟು, ಲೆಫ್ಟು ಎಂದು ಕೂಗುತ್ತಿದ್ದರು. ತಮಿಳುನಾಡಿನ ಡ್ರೈವರು ಬೆವರು ಒರೆಸಿಕೊಳ್ಳುತ್ತಿದ್ದ. ಅವರ ನಡುವೆ ಕೋಲೂರಿಕೊಂಡು ಮುನಿತಾಯಮ್ಮ.

"ಎಲ್ರೂ ಬಾಯ್ ಮುಚ್ಕೊಳಿ! ಇಪ್ಪತ್ತು ಜನ ಏಳಿದ್ರೆ ಅವ್ನು ಯಾರ್ ಮಾತು ಕೇಳಾನು?" ಎಂದು ಗದರಿದರು. ಜನ ಸುಮ್ಮನಾದರು. ಅವರು ಡ್ರೈವರಿಗೆ ಕಾಣುವ ಹಾಗೆ ಮುಂದೆ ಬಂದು ನಿಂತು, ಹಿಂದಕ್ಕೆ ಬಿಡುವಾಗ ಬಾಲ ಬಲಕ್ಕೆ ಬರಬೇಕಾದರೆ ಮೂತಿ ಎಡಕ್ಕೆ ತಿರುಗಿಸು ಎಂದು ಕೈಸನ್ನೆ ಮಾಡಿದರು. "ಇನ್ನೊಂದೀಟು... ನಿಲ್ಲು. ಈಗ ನೇರ ಮಾಡ್ಕೋ." ಮಂಜಣ್ಣ ಹಿಂದೆ ಕಂಬದ ಹತ್ತಿರ ನಿಂತು "ಬರ್ಲಿ" ಎನ್ನುತ್ತಿದ್ದ. ಕಾಲು ಗಂಟೆಯಲ್ಲಿ ಲಾರಿ ಬಿಡಿಸಿಕೊಂಡು ಬಂತು.

ಡ್ರೈವರು ಕಿಟಕಿಯಿಂದ ಬಗ್ಗಿ ಕೈ ಮುಗಿದ. "ಅಮ್ಮಾ, ನೀವು ವಂಡಿ ಓಡ್ಸಿದ್ದೀರಾ?"

"ಊಂ, ಓಡ್ಸಿದ್ದೀನಿ. ಎತ್ತಿನ ಬಂಡಿ," ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಒಂದ್ಸಲ ಅತ್ತಿ ಕೂರ್ಲೇನಪ್ಪ?" ಎಂದರು.

ಮಂಜಣ್ಣ ಮಂಡಿನೋವು, ಗಿಂಡಿನೋವು ಎಂದು ಬೇಡವೆಂದರೂ ಕೇಳಲಿಲ್ಲ. ನಾವಿಬ್ಬರೂ ಕೆಳಗಿನಿಂದ ಆತುಕೊಂಡು, ಡ್ರೈವರು ಮೇಲಿನಿಂದ ಕೈ ಹಿಡಿದು, ಅಂತೂ ಹತ್ತಿಸಿದೆವು. ಡ್ರೈವರ್ ತನ್ನ ಸೀಟಿನಲ್ಲೇ ಕೂರಿಸಿದ. ಅವರು ಸ್ಟೀರಿಂಗ್ ಮುಟ್ಟಲಿಲ್ಲ. ಕೈ ಎರಡೂ ಮಡಿಲಲ್ಲಿಟ್ಟುಕೊಂಡು ಮುಂದಿನ ಗಾಜಿನಾಚೆ ನೋಡಿದರು. ಕಾಂಪೌಂಡುಗಳ ಮೇಲಿಂದ, ತೆಂಗಿನ ಮರಗಳ ಸಂದಿಯಿಂದ ಅಲ್ಲಿಗೆ ಕನಕಪುರ ರಸ್ತೆಯವರೆಗೂ ಕಾಣುತ್ತಿತ್ತೇನೋ.

"ಲೋ, ಇಲ್ಲಿ ಕೂತ್ರೆ ಇಂದೆ ಏನು ವೊತ್ತಿದ್ದೀವಿ ಅಂತ ಕಾಣಾದೇ ಇಲ್ವಲ್ಲೋ ಮಂಜ," ಎಂದರು.

ಹಿಂದೆ ಕಾರುಗಳು ಹಾರನ್ ಹೊಡೆಯತೊಡಗಿದವು. "ಇಳೀರಿ ಅಮ್ಮ, ಅವರಿಗೆ ಹೊತ್ತಾಗುತ್ತೆ," ಎಂದೆ.

"ಇರಪ್ಪ, ಒಂದು ಗಳಿಗೆ. ನಾನಿನ್ನೂ ನೋಡಿಲ್ಲ."

ಡ್ರೈವರು ನಮ್ಮ ಕಡೆ ಒಮ್ಮೆ, ಅವರ ಕಡೆ ಒಮ್ಮೆ ನೋಡಿದ. ಕೈ ಚಾಚಿ ಎಂಜಿನ್ ಆಫ್ ಮಾಡಿ, ಕೆಳಗಿಳಿದು, ಹಾರನ್ ಹೊಡೆಯುತ್ತಿದ್ದ ಕಾರುಗಳಿಗೆ ನಿಲ್ಲಿರೆಂದು ಕೈ ತೋರಿಸುತ್ತಾ ರಸ್ತೆ ನಡುವೆ ಹೋಗಿ ನಿಂತ.