ಪರದೆಯ ಮೇಲೆ ಉಳಿದ ಕಲೆ

ಪುಣೆಯ ನಿಗಡಿಯಲ್ಲಿರುವ ನಮ್ಮ ಕಚೇರಿಯಲ್ಲಿ ನನ್ನ ಕೆಲಸ ಚಿತ್ರದಿಂದ ಚಿತ್ರವನ್ನು ಕಳೆಯುವುದು. ಶಿರೂರಿನ ಆಚೆ ಪ್ರಯೋಗಕ್ಕೆಂದು ಕೊರೆದ ಒಂದು ಕೊಳವೆಬಾವಿಯಿಂದ ಕಾರ್ಬನ್ ಡೈಆಕ್ಸೈಡನ್ನು, ಗಾಳಿಗೆ ಸೇರದಂತೆ, ಆಳದ ಕಪ್ಪುಕಲ್ಲಿನ ಪದರಕ್ಕೆ ತುಂಬುತ್ತಿದ್ದೆವು. ನೆಲವನ್ನು ಯಂತ್ರದಿಂದ ಗುದ್ದಿ, ಮರಳಿ ಬರುವ ಕಂಪನದಿಂದ ಒಳಗಿನ ಚಿತ್ರ ಪಡೆಯುತ್ತೇವೆ. ಅನಿಲ ತುಂಬುವ ಮೊದಲೊಂದು, ತುಂಬಿದ ಮೇಲೊಂದು. ಒಂದರಿಂದ ಇನ್ನೊಂದನ್ನು ಕಳೆದರೆ ಬದಲಾದದ್ದು ಮಾತ್ರ ಉಳಿಯಬೇಕು.

ಅಂದು ಎರಡು ಕಲೆ ಉಳಿದವು. ಆಳದ್ದು ನಾವು ತುಂಬಿದ ಅನಿಲ. ಇನ್ನೊಂದು ಅದಕ್ಕಿಂತ ಬಹಳ ಮೇಲೆ, ಹೊಲಗಳ ನಡುವಿನ ನಾಲ್ಕಾರು ಮನೆಗಳು ನೀರು ಸೇದುವ ಬಾವಿಯ ಕೆಳಗೆ. ಅದೂ ಅನಿಲವೇ ಆಗಿದ್ದರೆ ಸೋರಿ ಮೇಲೇರುತ್ತಿದೆ ಎಂದರ್ಥ. ತುಂಬುವುದನ್ನು ಮುಂದುವರಿಸಬಹುದೇ ಎಂದು ಸಂಜೆಯೊಳಗೆ ನಾನು ಹೇಳಬೇಕಿತ್ತು.

ಪಕ್ಕದ ಮೇಜಿನ ಸಹೋದ್ಯೋಗಿ ಮೈಸೂರಿನ ಕಡೆಯವರು. ನೋಡಿ ನಕ್ಕರು. "ಮೊದಲ್ನೇ ಸರ್ವೆ ಬೇಸಿಗೇಲಿ, ಇದು ಮಳೆ ಆದ್ಮೇಲೆ. ಒದ್ದೆ ನೆಲ ಕಣ್ರೀ, ಕಂಪನ ಬೇರೆ ಥರ ಬರುತ್ತೆ. ಮ್ಯಾಚ್ ಮಾಡಿದ್ರೆ ಹೋಗುತ್ತೆ. ನೀವು ಧಾರವಾಡದವ್ರು ಪೇಢೆಯಲ್ಲೂ ಹುಳ ಹುಡುಕ್ತೀರಿ."

ಮ್ಯಾಚ್ ಎಂದರೆ, ಏನೂ ಬದಲಾಗಿರದ ಒಂದು ಭಾಗವನ್ನು ಆರಿಸಿ, ಅಲ್ಲಿ ಎರಡೂ ಚಿತ್ರ ಒಂದೇ ಆಗುವಂತೆ ತಿದ್ದುವುದು. ಅವರು ತಿದ್ದಿದರು. ಮೇಲಿನ ಕಲೆ ಹೋಯಿತು. ನನಗೆ ಎಷ್ಟು ಹಗುರವಾಯಿತೆಂದರೆ ಇಬ್ಬರಿಗೂ ಚಹಾ ತರಿಸಿದೆ. ಲೋಟ ಕೈಯಲ್ಲಿರುವಾಗಲೇ ಕಣ್ಣಿಗೆ ಬಿತ್ತು: ಅವರು ಆರಿಸಿದ್ದ ಭಾಗದೊಳಗೇ ಆ ಕಲೆ ಇತ್ತು. ಅಲ್ಲಿ ಏನಿದ್ದರೂ ಅಳಿಸಿಹೋಗುತ್ತಿತ್ತು.

ಬೇರೆ ಭಾಗ ಆರಿಸಿ ಮತ್ತೆ ಮಾಡಿದೆ. ಕಲೆ ಮಸುಕಾಗಿ ಮರಳಿತು. ಇನ್ನೊಂದನ್ನು ಆರಿಸಿದೆ, ಹೋಯಿತು. ಅವರು ಈಗ ನಗಲಿಲ್ಲ. ತಮಗೂ ತಿಳಿಯುತ್ತಿಲ್ಲ ಎಂದರು.

ಯೋಜನೆಯ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಸೋರಿದೆಯೋ ಇಲ್ಲವೋ, ಅಷ್ಟು ಹೇಳಿ ಎಂದರು.

"ಗೊತ್ತಾಗವಲ್ದ್ರಿ ಸರ್. ಗೊತ್ತಾಗೋತನಕ ತುಂಬೋದು ನಿಲ್ಲಿಸ್ರಿ. ಬಾವಿ ನೀರೂ ತಪಾಸ್ ಮಾಡಸ್ರಿ."

ಸರಿ, ನಿಲ್ಲಿಸುತ್ತೇವೆ ಎಂದರು.

ಮರುದಿನ ನೀರಿನ ಮಾದರಿ ತರಲು ನಾನೇ ಹೋದೆ. ಬಾಟಲಿ ತುಂಬಿಸುತ್ತಿದ್ದಾಗ, ಕೊಡ ಹೊತ್ತುಕೊಳ್ಳಲಿದ್ದ ಹೆಂಗಸೊಬ್ಬಳು, ನೀರು ಸರಿ ಇದೆಯಲ್ಲ ಎಂದು ಮರಾಠಿಯಲ್ಲಿ ಕೇಳಿದಳು. ಪರೀಕ್ಷೆಯಾಗುವ ತನಕ ಕುಡಿಯಬೇಡಿ ಎಂದೆ. ಏಕೆ ಎಂದಳು. ಹೇಳಲು ನನ್ನಲ್ಲಿದ್ದದ್ದು ಒಮ್ಮೆ ಕಂಡು ಒಮ್ಮೆ ಕಾಣದ ಒಂದು ಕಲೆ. ಹೇಗೆ ಹೇಳಿದೆನೋ ನೆನಪಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದವಳು ಕೊಡವನ್ನು ಬಗ್ಗಿಸಿ, ನೀರನ್ನೆಲ್ಲ ಬದುವಿನ ಮೇಲೆ ಚೆಲ್ಲಿದಳು. ಆ ನೀರು ಒಳ್ಳೆಯದೇ ಇದ್ದಿರಬಹುದು.