ದೀಪದ ಮೇಲಿನ ಬೊಟ್ಟು

ಅಪ್ಪನ ಹಳೆಯ ಕಾರಿನ ಎಂಜಿನ್ ಯಾಕೆ ಸೀಜ್ ಆಯಿತು ಎಂಬುದು ಗೊತ್ತಿದ್ದವರು ಇಬ್ಬರೇ. ಒಬ್ಬರು ಈಗಿಲ್ಲ. ಇನ್ನೊಬ್ಬಳು ನಾನು, ಬಾಯಿ ಬಿಡಬೇಕಾದಾಗ ಬಿಡದವಳು.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಯನಗರದ ನಮ್ಮ ಬೀದಿಯಲ್ಲಿ ಕಾರು ಇದ್ದದ್ದು ನಮ್ಮ ಮನೆಗೆ ಮಾತ್ರ. ಅದೂ ಎಂಥ ಕಾರು! ಅಪ್ಪ ನಿವೃತ್ತರಾದ ವರ್ಷ, ಮೂರು ಕೈ ದಾಟಿ ಬಂದದ್ದನ್ನು ಮುದ್ದು ಮಾಡಿ ಮನೆಗೆ ತಂದಿದ್ದರು. ಬೆಳಿಗ್ಗೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೇನೇ ಅದಕ್ಕೆ ಎಚ್ಚರ. ಅಣ್ಣನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಸ್ಟೀರಿಂಗ್ ಹಿಡಿದದ್ದು ಸಾಕು, ಇನ್ನೊಂದು ಸಲ ಕೆಟ್ಟರೆ ಗುಜರಿಗೆ ಹಾಕುವುದೇ ಸೈ ಎಂದು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದ. ಅಪ್ಪ ಅನ್ನ ಕಲಸುತ್ತಾ ನನ್ನ ಕಡೆ ನೋಡುತ್ತಿದ್ದರು.

"ಇವಳ ಮದುವೆ ದಿನ ಛತ್ರಕ್ಕೆ ನಾನೇ ಕರ್ಕೊಂಡು ಹೋಗ್ತೀನಿ ಕಣಪ್ಪ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ನನಗಾಗ ಹತ್ತೊಂಬತ್ತು. ಒಂದು ಕಡೆ ಮಾತುಕತೆ ಅರ್ಧಕ್ಕೆ ಬಂದಿತ್ತು.

ಆ ವರ್ಷದ ಆಯುಧಪೂಜೆಗೆ ಕಾರು ತೊಳೆದವರು ಅಪ್ಪ, ವಿಭೂತಿ ಕುಂಕುಮ ಹಚ್ಚಿದವಳು ನಾನು. ಗಂಧದಲ್ಲಿ ಕಲಸಿದ ಕುಂಕುಮ ಒಣಗಿದರೆ ಗಟ್ಟಿಯಾಗಿ ಕೂರುತ್ತದೆ. ಸ್ಟೀರಿಂಗಿಗೆ, ಗೇರಿಗೆ, ಬಾಗಿಲುಗಳಿಗೆ ಇಟ್ಟೆ. ಮೀಟರಿನ ಪಕ್ಕದಲ್ಲಿ ಗುಲಗಂಜಿಗಿಂತ ತುಸು ದೊಡ್ಡದಾದ ಒಂದು ದುಂಡನೆ ಗಾಜಿತ್ತು, ಬೊಟ್ಟಿಗೆಂದೇ ಮಾಡಿಟ್ಟ ಹಾಗೆ. ಅದಕ್ಕೂ ದಪ್ಪಗೆ ಒಂದಿಟ್ಟೆ. ಅಪ್ಪ ಬಗ್ಗಿ ನೋಡಿ, ಲಕ್ಷಣವಾಗಿದೆ ಎಂದರು. ಪೂಜೆಯ ಗುರುತನ್ನು ಒರೆಸಬಾರದು, ತಾನಾಗಿಯೇ ಉದುರಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಕಾರು ತೊಳೆಯುವಾಗಲೂ ಅಪ್ಪ ಅಷ್ಟು ಜಾಗ ಬಿಟ್ಟು ತೊಳೆಯುತ್ತಿದ್ದರು.

ಕಾರ್ತೀಕದ ಒಂದು ಸೋಮವಾರ ನಾವಿಬ್ಬರೇ ಸುಂಕದಕಟ್ಟೆಯ ಆಚೆ ನೆಂಟರ ಮನೆಗೆ ಹೋಗಿ ವಾಪಸ್ಸು ಬರುತ್ತಿದ್ದೆವು. ರಸ್ತೆ ಕೆಟ್ಟಿತ್ತು. ಒಂದು ಗುಂಡಿಗೆ ಇಳಿದಾಗ ಕಾರಿನ ಹೊಟ್ಟೆಗೆ ಕಲ್ಲು ತಾಗಿತು. ಸ್ವಲ್ಪ ದೂರ ಬಂದ ಮೇಲೆ ಎಂಜಿನ್ನು ಟಕಟಕ ಎನ್ನತೊಡಗಿತು. ಅಪ್ಪ ಪಕ್ಕಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಒಮ್ಮೆ ಕಿರುಗುಟ್ಟಿ ನಿಂತೇಬಿಟ್ಟಿತು. ಲಾರಿಯೊಂದಕ್ಕೆ ಹಗ್ಗ ಕಟ್ಟಿ, ನಮ್ಮ ಮನೆಯ ಹತ್ತಿರದ ಗ್ಯಾರೇಜಿಗೆ ಎಳೆಸಿಕೊಂಡು ಬಂದೆವು.

ಗ್ಯಾರೇಜಿನ ಮೇಸ್ತ್ರಿ ಆತುರದ ಮನುಷ್ಯನಲ್ಲ. ಮೊದಲು ರೇಡಿಯೇಟರ್ ನೋಡಿದ, ನೀರು ತುಂಬಿತ್ತು. ಪ್ಲಗ್ಗುಗಳನ್ನು ಬಿಚ್ಚಿ ಹ್ಯಾಂಡಲ್ ಹಾಕಿ ಮೈಭಾರವನ್ನೆಲ್ಲ ಬಿಟ್ಟ, ಅದು ಕೂದಲೆಳೆಯಷ್ಟೂ ತಿರುಗಲಿಲ್ಲ. ಎಣ್ಣೆ ಅಳೆಯುವ ಕಡ್ಡಿ ಎಳೆದರೆ ಒಣಗಿತ್ತು. ಕೆಳಗೆ ತೂರಿ ಮಲಗಿ ನೋಡಿದಾಗ ಎಣ್ಣೆಯ ತೊಟ್ಟಿ ನೆಗ್ಗಿ, ಅದರ ಬಿರಡೆ ಸಡಿಲವಾಗಿತ್ತು. ಉಳಿದಿದ್ದ ನಾಲ್ಕು ಹನಿಯನ್ನು ಅಂಗೈಗೆ ಹಿಡಿದು ತಂದು ತೋರಿಸಿದ. ಅದರಲ್ಲಿ ಬೆಳ್ಳಿ ಪುಡಿಯಂತೆ ಏನೋ ಮಿನುಗುತ್ತಿತ್ತು. ಬೇರಿಂಗು ಕರಗಿ ಹಿಡಿದುಕೊಂಡಿದೆ, ಒಳಗೆ ಎಲ್ಲ ಮುಗಿದಿದೆ ಎಂದ.

"ಎಣ್ಣೆ ಇಳಿದ್ರೆ ಕೆಂಪು ದೀಪ ಹತ್ತುತ್ತೆ ಯಜಮಾನ್ರೇ. ನೋಡ್ಲಿಲ್ವಾ?"

ಹತ್ತಲೇ ಇಲ್ಲ ಎಂದರು ಅಪ್ಪ. ಹಾಗಿದ್ದರೆ ಬಲ್ಬು ಹೋಗಿರಬೇಕು, ನಿಮ್ಮ ತಪ್ಪಲ್ಲ ಬಿಡಿ, ಕೈ ತೊಳೆದು ಬಂದು ನೋಡುತ್ತೇನೆ ಎಂದು ಅವನು ಹಿಂದಕ್ಕೆ ಹೋದ. ಅಪ್ಪ ಒಳಗೆ ಕೂತು ಕೀಲಿ ತಿರುಗಿಸಿದರು. ನಾನು ಪಕ್ಕದ ಬಾಗಿಲಲ್ಲಿ ನಿಂತಿದ್ದೆ. ನಾವಿಬ್ಬರೂ ಒಟ್ಟಿಗೇ ನೋಡಿದೆವು. ಆ ದುಂಡನೆ ಗಾಜಿನ ಮೇಲೆ ನನ್ನ ಬೊಟ್ಟು ಹಾಗೇ ಇತ್ತು. ಅದರ ಅಂಚಿನಲ್ಲಿ ದಾರದಷ್ಟು ಕೆಂಪು ಬೆಳಕು.

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಪೂಜೆಯ ಗುರುತಿಗೆ ಎಂದೂ ನೀರು ಸೋಕಿಸದ ಮನುಷ್ಯ ಪಂಚೆಯ ಚುಂಗನ್ನು ಎಂಜಲಲ್ಲಿ ಒದ್ದೆ ಮಾಡಿ, ಬೊಟ್ಟನ್ನು ತಿಕ್ಕಿ ತಿಕ್ಕಿ ಒರೆಸಿದರು. ದೀಪ ಕೆಂಪಗೆ ಉರಿಯಿತು.

"ಹೆಣ್ಣುಮಗಳು ಇಟ್ಟ ಕುಂಕುಮದಿಂದ ಕೇಡಾಯ್ತು ಅಂತಾರೆ. ಮಾತುಕತೆ ಆಗ್ತಾ ಇದೆ. ನೀನು ಸುಮ್ನಿರು," ಎಂದರು ಮೆಲ್ಲಗೆ.

ಮೇಸ್ತ್ರಿ ಬಂದ, ಅವನ ಹಿಂದೆಯೇ ಸುದ್ದಿ ತಿಳಿದು ಅಣ್ಣನೂ ಬಂದ. ದೀಪ ಸರಿಯಾಗಿಯೇ ಇತ್ತು. ಮೇಸ್ತ್ರಿ ತಲೆ ಕೆರೆದುಕೊಂಡ. ಅಪ್ಪ, ಮಾತಿನ ಗುಂಗಿನಲ್ಲಿ ಗಮನಿಸಲಿಲ್ಲ, ಹತ್ತಿದ್ದಿರಬೇಕು ಎಂದರು. ಅಣ್ಣ ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

"ಕಣ್ಣೆದುರಿಗೆ ಉರೀತಿರೋ ದೀಪ ಕಾಣ್ಸಲ್ಲ ಅಂದ್ಮೇಲೆ ನೀವು ಗಾಡಿ ಓಡಿಸ್ಬೇಡಿ ಅಪ್ಪ."

ಅಪ್ಪ ಆಗಲಿ ಎಂದು ಕೀಲಿಯನ್ನು ಅವನ ಕೈಗೆ ಕೊಟ್ಟರು. ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಆಡಲಿಲ್ಲ. ಅಪ್ಪ ಬೇಡ ಎಂದರು ಎಂಬುದು ನೆಪ. ನನಗೆ ಹೆದರಿಕೆ, ನನ್ನ ಮದುವೆ ನಿಂತೀತು ಎಂಬ ಸ್ವಾರ್ಥ. ಸಂಜೆ ಆ ಪಂಚೆಯನ್ನು ಅಮ್ಮನ ಕೈಗೆ ಸಿಗಗೊಡದೆ ನಾನೇ ಒಗೆಯುವ ಕಲ್ಲಿಗೆ ಹಾಕಿ, ಕೆಂಪು ಹೋಗುವವರೆಗೆ ಉಜ್ಜಿದೆ.

ಕಾರು ಗುಜರಿಗೆ ಹೋಯಿತು. ಅದರ ಜೊತೆ ಮನೆಯಲ್ಲಿ ಅಪ್ಪನ ಮಾತಿನ ತೂಕವೂ ಹೋಯಿತು. ಏನು ಹೇಳಹೊರಟರೂ ಅಣ್ಣ, ನಿಮಗೆ ನೆನಪಿರಲ್ಲ ಬಿಡಿ ಎನ್ನುತ್ತಿದ್ದ. ಮಾತುಕತೆ ಮಾತ್ರ ಕೂಡಿಬಂತು.

ಮದುವೆಯ ದಿನ ಬಾಡಿಗೆ ಟ್ಯಾಕ್ಸಿ ಬಂತು. ಹಿಂದೆ ಹೆಂಗಸರು, ಮಕ್ಕಳು, ಮುಂದೆ ಅಣ್ಣ. ಅಪ್ಪನಿಗೆ ಜಾಗವಾಗಲಿಲ್ಲ. ನೀವೆಲ್ಲ ನಡೀರಿ, ಬಸ್ಸಲ್ಲಿ ಬರ್ತೀನಿ ಎಂದರು. ದಾರಿಯುದ್ದಕ್ಕೂ ಅಣ್ಣನ ಬೆನ್ನು ನೋಡುತ್ತಾ ಕೂತಿದ್ದೆ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದಂತೆಯೇ ಛತ್ರ ಬಂದುಬಿಟ್ಟಿತು.

ಅಪ್ಪ ಬಂದಾಗ ತಡವಾಗಿತ್ತು. ಹೊಸ ಪಂಚೆಗೆ ಬಸ್ಸಿನ ಧೂಳು ಮೆತ್ತಿತ್ತು. ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಕೇಳಿದರು.

"ಕಾರು ಚೆನ್ನಾಗಿ ಓಡ್ತಾ ಮಗಳೇ?"