ಕಣ್ತಪ್ಪಿಸಿ ತಿಂದ ಗ್ಲೂಕೋಸ್

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಚೆನ್ನೈನ ಕೀಲ್ಪಾಕಿನ ಒಂದು ಶಾಲೆಯಲ್ಲಿ ಮೇ ರಜೆಗೆ ನಡೆಯುತ್ತಿದ್ದ ಸಕ್ಕರೆ ಕಾಯಿಲೆಯ ಮಕ್ಕಳ ಶಿಬಿರಕ್ಕೆ ನನ್ನನ್ನು ಲೀಡರ್ ಮಾಡಿದರು. ಐದು ವರ್ಷ ಅದೇ ಶಿಬಿರದಲ್ಲಿ ಮಕ್ಕಳ ಸಾಲಿನಲ್ಲಿ ಕೂತು ಇನ್ಸುಲಿನ್ ಚುಚ್ಚಿಕೊಂಡವಳು ನಾನು. ಈಗ ಹದಿನೆಂಟು ತುಂಬಿತ್ತು, ಕೈಕೆಳಗೆ ಆರು ಮಕ್ಕಳು. ಅಬ್ಬಬ್ಬಾ, ನನ್ನ ಜಂಬವೇ!

ಮೊದಲ ದಿನವೇ ಪಾಠ ಮಾಡಿದೆ. "ಕೈ ನಡುಗಿದ್ರೆ, ಬೆವರು ಬಂದ್ರೆ ಸಕ್ಕರೆ ಇಳೀತಿದೆ ಅಂತ. ಆಟ ಬಿಟ್ಟು ಓಡಿಬಂದು ಹೇಳ್ಬೇಕು. ನಾಚ್ಕೋಬಾರ್ದು." ಅದೇ ಮಧ್ಯಾಹ್ನ ನನ್ನ ಕೈಯೇ ನಡುಗತೊಡಗಿತು. ಹೇಳಿದರೆ ಡಾಕ್ಟರು ಮಲಗಿಸಿ, ಬೇರೆ ಯಾರನ್ನೋ ಲೀಡರ್ ಮಾಡುತ್ತಾರೆಂದು ಹೆದರಿ, ನೀರಿನ ಡ್ರಮ್ಮಿನ ಹಿಂದೆ ನಿಂತು ಗ್ಲೂಕೋಸ್ ಪುಡಿ ಮುಕ್ಕಿದೆ. ನನ್ನ ಗುಂಪಿನ ಒಂಬತ್ತು ವರ್ಷದ ಹುಡುಗಿ ನೋಡಿಬಿಟ್ಟಳು. "ಶ್!" ಅಂದೆ. ನಕ್ಕು ತಲೆಯಾಡಿಸಿದಳು.

ಮರುದಿನ ಖೋಖೋ ಆಡುತ್ತಿದ್ದಾಗ ಅವಳು ಕುಸಿದು ಬಿದ್ದಳು. ಡಾಕ್ಟರನ್ನು ಕೂಗಿದೆ. ಡಾಕ್ಟರು ಓಡಿಬಂದು ಇಂಜೆಕ್ಷನ್ ಕೊಟ್ಟರು. ಕಾಲು ಗಂಟೆ ಬಿಟ್ಟು ಕಣ್ಣು ತೆರೆದಳು. ಮುಷ್ಟಿಯಲ್ಲಿ ಬಿಚ್ಚದ ಗ್ಲೂಕೋಸ್ ಪೊಟ್ಟಣ ಹಾಗೇ ಇತ್ತು. ಯಾರೂ ನೋಡದ ಹೊತ್ತಿಗೆ ತಿನ್ನೋಣವೆಂದು ಕಾಯುತ್ತಿದ್ದಳಂತೆ.

"ಯಾಕೇ ಹೇಳಲಿಲ್ಲ?" ಎಂದು ಮೆಲ್ಲಗೆ ಕೇಳಿದೆ.

ಮನೆಮಾತು ಕನ್ನಡವಾದರೂ ಅವಳ ಬಾಯಿಗೆ ಮೊದಲು ಬರುತ್ತಿದ್ದುದು ತಮಿಳು. "ನೀಂಗಳುಂ ಸೊಲ್ಲಲೆಯೇ, ಅಕ್ಕಾ," ಅಂದಳು. ನೀವೂ ಹೇಳಲಿಲ್ಲವಲ್ಲ ಅಕ್ಕಾ.

ಸಂಜೆ ಅವಳ ಅಮ್ಮ ಬ್ಯಾಂಕಿನಿಂದ ನೇರವಾಗಿ ಆಟೋ ಹಿಡಿದು ಬಂದರು. ಮಗಳನ್ನು ತಬ್ಬಿಕೊಂಡು ಅತ್ತರು, ಆಮೇಲೆ ಬೈದರು. "ಮೊಂಡು, ಶುದ್ಧ ಮೊಂಡು! ಸತ್ತೇ ಹೋಗಿದ್ರೆ ಏನ್ ಗತಿನೇ?" ನನ್ನ ಕಡೆ ತಿರುಗಿದರು. "ನೀನು ಅಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ಯಂತೆ. ಇವಳೇ ಕೇಳಲಿಲ್ಲ. ಬೇಜಾರು ಮಾಡ್ಕೋಬೇಡಮ್ಮ. ಇನ್ಮೇಲೆ ಇವಳನ್ನ ಎಲ್ಲಿಗೂ ಕಳಿಸಲ್ಲ."

ಡಾಕ್ಟರೂ ಅಲ್ಲೇ ಇದ್ದರು. ನಾನು ಬಾಯಿ ತೆರೆದರೆ ಸಾಕಿತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು, ಥೂ, ಅವಳ ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದೆ. ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ತಪ್ಪು ನಂದೇ ಅಮ್ಮ," ಅಂದಳು ಹುಡುಗಿ, ಕನ್ನಡದಲ್ಲಿ.

"ಅದನ್ನ ಅಕ್ಕನಿಗೆ ಹೇಳು. ಸಾರಿ ಕೇಳು."

ಕೇಳಿದಳು.

"ಪರವಾಗಿಲ್ಲ ಪುಟ್ಟಾ," ಅಂದೆ ನಾನು.